ಕೊನೆಯ ಆಲ್ಬಮ್‌ಗೆ ದನಿ ಮೊದಲೇ ಸಿದ್ಧವಿತ್ತು

2019ರ ಜನವರಿ 15ರಂದು ಐರ್ಲೆಂಡಿನ ರಾಕ್ ತಂಡ ದಿ ಕ್ರ್ಯಾನ್‌ಬೆರೀಸ್ ‘ಆಲ್ ಓವರ್ ನೌ’ ಎಂಬ ಹೊಸ ಹಾಡನ್ನು ಬಿಡುಗಡೆ ಮಾಡಿತು. ಅದನ್ನು ಹಾಡಿದ್ದ ಡೊಲೊರೆಸ್ ಓ’ರಿಯೊರ್ಡನ್ ಲಂಡನ್ನಿನ ಹೋಟೆಲೊಂದರಲ್ಲಿ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು. ಅದೇ ಏಪ್ರಿಲ್ 26ರಂದು ‘ಇನ್ ದಿ ಎಂಡ್’ ಎಂಬ ಹೆಸರಿನಲ್ಲಿ ಹನ್ನೊಂದು ಹಾಡುಗಳ ಪೂರ್ಣ ಆಲ್ಬಮ್ ಹೊರಬಂತು. ಹನ್ನೊಂದರಲ್ಲೂ ಮುಖ್ಯ ದನಿ ಅವರದೇ. ಆದರೆ ಆ ದನಿಯ ಸುತ್ತ ಕೇಳಿಬರುವ ಗಿಟಾರ್, ಬೇಸ್ ಮತ್ತು ಡ್ರಮ್ಸ್ ಎಲ್ಲವೂ ಅವರು ಮಣ್ಣಾದ ಮೇಲೆ ನುಡಿಸಿದ್ದು.

ಆಗ ಇದನ್ನು ಹೆಚ್ಚಿನವರು ಒಂದು ದುಃಖದ ಸಂಗತಿಯಾಗಿ ಓದಿ ಮುಂದೆ ಹೋದರು. ತೀರಿಕೊಂಡವರ ಕಂಠವನ್ನು ಕಂಪ್ಯೂಟರಿನಿಂದ ಹೊಸದಾಗಿ ಹುಟ್ಟಿಸಿ, ಅವರು ಎಂದೂ ಹಾಡದ ಸಾಲುಗಳನ್ನು ಅವರಿಂದ ಹಾಡಿಸುವುದು ಸಾಧ್ಯವಾಗಿರುವ, ಅದು ಚೆನ್ನೈ, ಹೈದರಾಬಾದುಗಳಲ್ಲೂ ವಿವಾದವಾಗಿರುವ ಇವತ್ತಿನ ದಿನಗಳಲ್ಲಿ ಆ ಆಲ್ಬಮ್ ತಯಾರಾದ ಬಗೆ ಬೇರೆಯೇ ಅರ್ಥ ಪಡೆಯುತ್ತದೆ. ಇಂಥ ಕೆಲಸಕ್ಕೆ ವಾರಸುದಾರರ ಒಪ್ಪಿಗೆ ಇದೆಯೇ ಎಂಬುದನ್ನೇ ನಾವು ಮೊದಲ ಮತ್ತು ಕೊನೆಯ ಪ್ರಶ್ನೆಯಾಗಿ ಕೇಳುತ್ತೇವೆ. ತಂಡದಲ್ಲಿ ಉಳಿದಿದ್ದ, ಲಿಮರಿಕ್ ನಗರದ ಮೂವರು ವಾದಕರು ಅದನ್ನೂ ಕೇಳಿದರು. ಆದರೆ ಅವರ ಕೆಲಸವನ್ನು ಒಪ್ಪುವಂತೆ ಮಾಡಿದ್ದು ಅದಲ್ಲ ಎಂದು ನನಗೆ ಅನ್ನಿಸುತ್ತದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. 1989ರಲ್ಲಿ ಐರ್ಲೆಂಡಿನ ಪಶ್ಚಿಮದ ಲಿಮರಿಕ್ ನಗರದಲ್ಲಿ ನೋಯೆಲ್ ಹೋಗನ್ ಮತ್ತು ಮೈಕ್ ಹೋಗನ್ ಎಂಬ ಅಣ್ಣತಮ್ಮಂದಿರು, ಡ್ರಮ್ಸ್ ನುಡಿಸುವ ಫರ್ಗಲ್ ಲಾಲರ್ ಮತ್ತು ಬೇರೊಬ್ಬ ಗಾಯಕ ಸೇರಿ ತಂಡ ಕಟ್ಟಿದರು. ಆ ಗಾಯಕ ಬಿಟ್ಟುಹೋದ ಮೇಲೆ, 1990ರಲ್ಲಿ, ಹತ್ತಿರದ ಬ್ಯಾಲಿಬ್ರಿಕನ್ ಎಂಬ ಹಳ್ಳಿಯ ಹದಿಹರೆಯದ ಹುಡುಗಿ ಡೊಲೊರೆಸ್ ಸೇರಿದರು. ಮೊದಲ ಆಲ್ಬಮ್ 1993ರಲ್ಲಿ, ಎರಡನೆಯದು 1994ರಲ್ಲಿ ಬಂದವು. ಎರಡನೆಯದರಲ್ಲಿದ್ದ ‘ಜಾಂಬಿ’, 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ಐರಿಶ್ ರಿಪಬ್ಲಿಕನ್ ಆರ್ಮಿ ಇಟ್ಟ ಬಾಂಬಿಗೆ ಇಬ್ಬರು ಮಕ್ಕಳು ಬಲಿಯಾದ ನೋವಿನಿಂದ ಹುಟ್ಟಿದ ಹಾಡು. ಅದರ ವಿಡಿಯೋ 2020ರಲ್ಲಿ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿತು. ತಂಡದ ಆಲ್ಬಮ್‌ಗಳು ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾಗಿವೆ. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯ ಸಂಗೀತ ವಾಹಿನಿಗಳ ಮುಂದೆ ಕೂತು ಬೆಳೆದ ನಮ್ಮ ಊರುಗಳ ಹುಡುಗ ಹುಡುಗಿಯರಿಗೆ ಈ ತಂಡದ ಹೆಸರು ಮರೆತಿದ್ದರೂ ಆ ದನಿ ಮರೆತಿರಲಾರದು.

ಏಕೆಂದರೆ ಆ ದನಿ ಇನ್ನೊಬ್ಬರದರಂತೆ ಇರಲಿಲ್ಲ. ಚರ್ಚಿನ ಗಾನವೃಂದದಲ್ಲಿ ಹಾಡಿ ಪಳಗಿದ ಕಂಠ ಅದು. ಏರುವಾಗ ಒಂದು ಹಂತದಲ್ಲಿ ಬೇಕೆಂದೇ ಒಡೆದು, ಒಡೆದ ಕಡೆಯಿಂದಲೇ ಮತ್ತೆ ಮೇಲಕ್ಕೆ ಹಾರುತ್ತಿತ್ತು. ಸಾವಿನ ಮನೆಯಲ್ಲಿ ಹೆಂಗಸರು ರಾಗವೆಳೆದು ಅಳುವ ಪದ್ಧತಿ ಐರ್ಲೆಂಡಿನಲ್ಲಿಯೂ ಇತ್ತು; ಆ ಅಳುವಿನ ನೆರಳನ್ನು ಡೊಲೊರೆಸ್ ಅವರ ಹಾಡಿನಲ್ಲಿ ಹಲವರು ಗುರುತಿಸಿದ್ದಾರೆ. ಜೊತೆಗೆ ಅವರು ಲಿಮರಿಕ್‌ನ ಉಚ್ಚಾರಣೆಯನ್ನು ಎಂದೂ ತಿದ್ದಿಕೊಳ್ಳಲಿಲ್ಲ. ಹೀಗಾಗಿ ಅವರು ಹೋದ ಮೇಲೆ ಬೇರೊಬ್ಬರನ್ನು ತಂದು ನಿಲ್ಲಿಸುವ ಮಾತು ಉಳಿದವರಿಗೆ ಬರಲೇ ಇಲ್ಲ.

ಈಗ 2017ಕ್ಕೆ ಬರೋಣ. ಆ ವರ್ಷದ ಏಪ್ರಿಲಿನಲ್ಲಿ ತಂಡವು ತನ್ನ ಹಳೆಯ ಹಾಡುಗಳನ್ನು ಐರಿಶ್ ಚೇಂಬರ್ ಆರ್ಕೆಸ್ಟ್ರಾದ ಜೊತೆ ಮತ್ತೆ ನುಡಿಸಿ ಒಂದು ಆಲ್ಬಮ್ ತಂದಿತ್ತು. ಅದರ ಪ್ರವಾಸ ಡೊಲೊರೆಸ್ ಅವರ ಬೆನ್ನುನೋವಿನಿಂದಾಗಿ ಅರ್ಧಕ್ಕೇ ನಿಂತಿತು. ಆ ಬಿಡುವಿನಲ್ಲಿ ಅವರೂ ನೋಯೆಲ್ ಹೋಗನ್ ಅವರೂ ಹೊಸ ಹಾಡುಗಳನ್ನು ಕಟ್ಟತೊಡಗಿದರು. ಇಬ್ಬರೂ ಒಂದೇ ಊರಿನಲ್ಲಿರಲಿಲ್ಲ. ನೋಯೆಲ್ ಗಿಟಾರಿನ ಒಂದು ಚೌಕಟ್ಟನ್ನು ಧ್ವನಿಮುದ್ರಿಸಿ ಇಮೇಲಿನಲ್ಲಿ ಕಳಿಸುವುದು, ಡೊಲೊರೆಸ್ ಅದರ ಮೇಲೆ ರಾಗ ಕೂರಿಸಿ, ಸಾಹಿತ್ಯ ಬರೆದು, ಹಾಡಿ ಮರಳಿ ಕಳಿಸುವುದು, ಹೀಗೆ ಕೆಲಸ ನಡೆಯಿತು. ಆ ಚಳಿಗಾಲದ ಹೊತ್ತಿಗೆ ಹನ್ನೊಂದು ಹಾಡುಗಳ ಡೆಮೊ, ಅಂದರೆ ಕರಡು ಧ್ವನಿಮುದ್ರಿಕೆ, ಸಿದ್ಧವಾಗಿತ್ತು.

ಡೆಮೊ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಾದವೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಸಿನಿಮಾ ಸಂಗೀತದಲ್ಲಿ ಟ್ರ್ಯಾಕ್ ಹಾಡುವವರಿದ್ದಾರೆ. ಮುಖ್ಯ ಗಾಯಕರು ಬರುವ ತನಕ ದಾರಿ ತೋರಿಸಲು ಒಬ್ಬರು ಹಾಡಿಟ್ಟಿರುತ್ತಾರೆ, ಆಮೇಲೆ ಅದನ್ನು ಅಳಿಸಲಾಗುತ್ತದೆ. ರಾಕ್ ತಂಡದ ಡೆಮೊ ಕೂಡ ಅಂಥದೇ ತಾತ್ಕಾಲಿಕ ವಸ್ತು, ಆದರೆ ಅದನ್ನು ಹಾಡುವವರು ಮುಖ್ಯ ಗಾಯಕರೇ. ಹಾಡಿನ ರೂಪ ನಿಂತಿದೆಯೇ, ಪಲ್ಲವಿ ಸರಿಯಾದ ಜಾಗದಲ್ಲಿ ಬರುತ್ತಿದೆಯೇ ಎಂದು ತಮ್ಮೊಳಗೇ ನೋಡಿಕೊಳ್ಳಲು ಮಾಡಿಕೊಂಡ ಕರಡು ಅದು. ಆಮೇಲೆ ಸ್ಟುಡಿಯೋದಲ್ಲಿ ಡ್ರಮ್ಸ್ ಮತ್ತು ಬೇಸ್ ಮೊದಲು ಕೂರುತ್ತವೆ, ಗಿಟಾರ್ ಮೇಲೇರುತ್ತದೆ, ಗಾಯಕಿ ಕೊನೆಗೆ ಬಂದು ಒಂದೇ ಸಾಲನ್ನು ಹತ್ತು ಸಲ ಹಾಡುತ್ತಾರೆ, ಅದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳಲಾಗುತ್ತದೆ. ‘ಇನ್ ದಿ ಎಂಡ್’ ಆಲ್ಬಮ್ಮಿಗೆ ಈ ಕೊನೆಯ ಹಂತ ಬರಲೇ ಇಲ್ಲ.

2018ರ ಜನವರಿ 15ರಂದು ಡೊಲೊರೆಸ್ ಹೋದರು. ಅವರಿಗೆ 46 ವರ್ಷ. ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕವಾಗಿ ಮುಳುಗಿದ್ದು ಸಾವಿಗೆ ಕಾರಣವೆಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ವಿಚಾರಣೆ ತೀರ್ಮಾನಿಸಿತು. ಅವರು ಲಂಡನ್ನಿಗೆ ಹೋಗಿದ್ದ ಕಾರಣಗಳಲ್ಲಿ ಬ್ಯಾಡ್ ವುಲ್ವ್ಸ್ ಎಂಬ ಅಮೆರಿಕದ ತಂಡ ಹೊಸದಾಗಿ ನುಡಿಸಿದ್ದ ‘ಜಾಂಬಿ’ಗೆ ದನಿ ಸೇರಿಸುವುದೂ ಒಂದಾಗಿತ್ತು. ಆ ಧ್ವನಿಮುದ್ರಣ ನಡೆಯಬೇಕಿದ್ದ ದಿನವೇ ಅವರು ಇಲ್ಲವಾದರು. ಆ ತಂಡ ತನ್ನ ಹಾಡನ್ನು ಡೊಲೊರೆಸ್ ಅವರ ದನಿಯಿಲ್ಲದೆಯೇ ಬಿಡುಗಡೆ ಮಾಡಿ, ಬಂದ ಹಣದಲ್ಲಿ 2,50,000 ಡಾಲರುಗಳನ್ನು ಅವರ ಮೂವರು ಮಕ್ಕಳಿಗೆ ಕೊಟ್ಟಿತು. ಅವರು ಹಾಡಬೇಕಿದ್ದ, ಹಾಡಲು ಒಪ್ಪಿದ್ದ ಹಾಡು. ಆದರೂ ಹಾಡಿರಲಿಲ್ಲ, ಆದ್ದರಿಂದ ಆ ಜಾಗ ಖಾಲಿಯೇ ಉಳಿಯಿತು. ಇವತ್ತಾಗಿದ್ದರೆ ಆ ಖಾಲಿ ಜಾಗವನ್ನು ತುಂಬಲು ಒಂದು ಮಧ್ಯಾಹ್ನ ಸಾಕಿತ್ತು ಎಂಬುದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಅಂತ್ಯಕ್ರಿಯೆಯೆಲ್ಲ ಮುಗಿದ ಮೇಲೆ ನೋಯೆಲ್ ತಮ್ಮ ಬಳಿಯಿದ್ದ ಹಾರ್ಡ್ ಡ್ರೈವುಗಳನ್ನು ತೆಗೆದು ಡೆಮೊಗಳನ್ನು ಕೇಳಿದರು. ಮೈಕ್ ಮತ್ತು ಫರ್ಗಲ್ ಕೇಳಿದರು. ಇದು ಪೂರ್ಣ ಆಲ್ಬಮ್ಮಿಗೆ ಸಾಕಾಗುತ್ತದೆಯೇ, ಅಥವಾ ಅರೆಬರೆ ತುಣುಕುಗಳನ್ನು ಜೋಡಿಸಿ ತಂಡದ ಹೆಸರಿಗೇ ಕುಂದು ತಂದುಕೊಳ್ಳುತ್ತೇವೆಯೇ ಎಂಬುದು ಅವರನ್ನು ಕಾಡಿದ ಪ್ರಶ್ನೆಯಾಗಿತ್ತೆಂದು ನೋಯೆಲ್ ಆಮೇಲಿನ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಡೊಲೊರೆಸ್ ಅವರ ಮನೆಯವರನ್ನು ಕೇಳಿದರು, ಅವರು ಒಪ್ಪಿದರು. ತಮ್ಮ ಮೊದಲೆರಡು ಆಲ್ಬಮ್‌ಗಳನ್ನು ರೂಪಿಸಿದ್ದ ಇಂಗ್ಲೆಂಡಿನ ಸ್ಟೀಫನ್ ಸ್ಟ್ರೀಟ್ ಅವರಿಗೂ ಡೆಮೊಗಳನ್ನು ಕೇಳಿಸಿದರು. ಸಂಗೀತ ಲೋಕದಲ್ಲಿ ಪ್ರೊಡ್ಯೂಸರ್ ಎಂದರೆ ಹಣ ಹಾಕುವ ನಿರ್ಮಾಪಕನಲ್ಲ. ಯಾವ ವಾದ್ಯ ಎಲ್ಲಿ, ಎಷ್ಟು ಎಂದು ನಿರ್ಧರಿಸಿ ಇಡೀ ಧ್ವನಿಗೆ ಆಕಾರ ಕೊಡುವವನು. ಸ್ಟ್ರೀಟ್ ಈ ಕಂಠವನ್ನು ಇಪ್ಪತ್ತೈದು ವರ್ಷಗಳಿಂದ ಬಲ್ಲವರು. ಅದು ಎಲ್ಲಿ ಸಲೀಸಾಗಿ ಏರುತ್ತದೆ, ಎಲ್ಲಿ ತಡವರಿಸುತ್ತದೆ, ಯಾವ ತಡವರಿಕೆಯನ್ನು ಹಾಗೆಯೇ ಬಿಡಬೇಕು ಎಂಬುದನ್ನು ಅವರಷ್ಟು ತಿಳಿದವರು ಹೊರಗೆ ಇರಲಿಲ್ಲ.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣ ನಡೆಯಿತು. ಇಲ್ಲಿ ಕೆಲಸದ ಕ್ರಮವೇ ತಲೆಕೆಳಗಾಗಿತ್ತು. ಕೊನೆಗೆ ಬರಬೇಕಾದ ದನಿ ಮೊದಲೇ ಇತ್ತು, ಅದನ್ನು ಕದಲಿಸುವ ಹಾಗಿರಲಿಲ್ಲ. ಗಾಯಕಿ ಒಂದು ಪದವನ್ನು ಕೊಂಚ ತಡವಾಗಿ ಎತ್ತಿಕೊಂಡಿದ್ದರೆ ‘ಇನ್ನೊಂದು ಸಲ’ ಎನ್ನುವಂತಿಲ್ಲ. ಡ್ರಮ್ಸ್ ಆ ತಡಕ್ಕೆ ಹೊಂದಿಕೊಳ್ಳಬೇಕು. ಶ್ರುತಿ ಸ್ವಲ್ಪ ಎತ್ತರವಾಯಿತೆಂದು ಇಳಿಸಿ ಹಾಡಿಸುವಂತಿಲ್ಲ. ಗಿಟಾರ್ ಅಲ್ಲಿಗೇ ಹೋಗಬೇಕು. ಜೀವಂತ ತಂಡದಲ್ಲಿ ದಿನವೂ ನಡೆಯುವ ಕೊಡುಕೊಳ್ಳುವಿಕೆ ಇಲ್ಲಿ ಒಂದೇ ದಿಕ್ಕಿನದಾಯಿತು. ಮೂವರು ಬದುಕಿರುವವರು ಇಲ್ಲದವರೊಬ್ಬರ ಉಸಿರಿನ ಲೆಕ್ಕಕ್ಕೆ ತಮ್ಮ ಕೈಗಳನ್ನು ಹೊಂದಿಸಿಕೊಂಡರು. ಆಲ್ಬಮ್ ಕೇಳುವಾಗ ವಾದ್ಯಗಳು ಎಲ್ಲಿಯೂ ದನಿಯನ್ನು ಮೀರಿ ಮುಂದೆ ಬರುವುದಿಲ್ಲ ಎಂಬುದನ್ನು ಗಮನಿಸಬಹುದು. ‘ಜಾಂಬಿ’ಯ ಗಿಟಾರಿನ ಆರ್ಭಟಕ್ಕೆ ಒಗ್ಗಿದ ಕಿವಿಗೆ ಇದು ಸಪ್ಪೆ ಎನಿಸಲೂಬಹುದು. ನನಗಂತೂ ಒಂದೆರಡು ಹಾಡುಗಳು ಅತಿಯಾದ ಎಚ್ಚರಿಕೆಯಿಂದ ಸೊರಗಿದಂತೆ ಕೇಳಿಸಿದವು.

ಕರಡಿನಲ್ಲಿ ಒಂದು ಕೊರತೆ ಉಳಿದಿತ್ತು. ಡೊಲೊರೆಸ್ ತಮ್ಮ ಮುಖ್ಯ ದನಿಯ ಹಿಂದೆ ತಾವೇ ಮೂರು ನಾಲ್ಕು ಪದರಗಳಲ್ಲಿ ಹಾಡಿ ಸೇರಿಸುತ್ತಿದ್ದ ಹಿನ್ನೆಲೆ ದನಿಗಳು ಆ ತಂಡದ ಗುರುತು. ಡೆಮೊಗಳಲ್ಲಿ ಅವು ಪೂರ್ಣವಾಗಿರಲಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ನನ್ನ ಮಟ್ಟಿಗೆ ಈ ಇಡೀ ಕಥೆಯ ಕೀಲು. ಹಿಂದೆ ತಂಡದ ಪ್ರವಾಸಗಳಲ್ಲಿ ಡೊಲೊರೆಸ್ ಅವರ ಜೊತೆ ನಿಂತು ಹಾಡಿದ್ದ ಜೊಹಾನಾ ಕ್ರ್ಯಾನಿಚ್ ಎಂಬ ಗಾಯಕಿಯನ್ನು ಕರೆಸಿ, ಆ ಪದರಗಳನ್ನು ಅವರಿಂದ ಹಾಡಿಸಿದರು. ಅದು ಬೇರೆಯವರ ದನಿ ಎಂಬುದನ್ನು ಮುಚ್ಚಿಡಲಿಲ್ಲ. ಆಲ್ಬಮ್ಮಿನಲ್ಲಿ ಅವರ ಹೆಸರಿದೆ. ಡೊಲೊರೆಸ್ ಹಾಡಿದ್ದು ಡೊಲೊರೆಸ್ ಅವರದಾಗಿ ಉಳಿಯಿತು, ಅವರು ಹಾಡದೆ ಬಿಟ್ಟದ್ದು ಇನ್ನೊಬ್ಬ ಬದುಕಿರುವ ಹೆಂಗಸಿನದಾಗಿ ಕೇಳಿಸಿತು. ಎರಡರ ನಡುವಿನ ಹೊಲಿಗೆಯನ್ನು ಕಿವಿಯಿಟ್ಟು ಕೇಳಿದರೆ ಪತ್ತೆ ಹಚ್ಚಬಹುದು.

ಬಿಡುಗಡೆಯ ಬಗ್ಗೆ ಹೇಳುವುದು ಕಡಿಮೆ. ಬಿಎಂಜಿ ಸಂಸ್ಥೆ ಆಲ್ಬಮ್ಮನ್ನು ಹೊರತಂದಿತು. ಇದೇ ತಂಡದ ಕೊನೆಯ ಆಲ್ಬಮ್ ಎಂದೂ ಕ್ರ್ಯಾನ್‌ಬೆರೀಸ್ ಎಂಬ ಹೆಸರಿನಲ್ಲಿ ತಾವು ಮುಂದುವರಿಯುವುದಿಲ್ಲ ಎಂದೂ ಉಳಿದವರು ಮೊದಲೇ ಸಾರಿದ್ದರು. ಮೊದಲ ಹಾಡನ್ನು ಪುಣ್ಯತಿಥಿಯಂದೇ ಬಿಟ್ಟದ್ದರಲ್ಲಿ ಮಾರಾಟದ ಲೆಕ್ಕವೂ ಇರಬಹುದೆಂಬ ಗುಮಾನಿ ನಮ್ಮಂಥ ಓದುಗರಿಗೆ ಬರುವುದು ಸಹಜ; ಸಂಗೀತ ಕಂಪನಿಗಳು ದಿನಾಂಕಗಳನ್ನು ಸುಮ್ಮನೆ ಆರಿಸುವುದಿಲ್ಲ. ಆದರೆ ಹೊಸ ಗಾಯಕಿಯನ್ನು ಕಟ್ಟಿಕೊಂಡು ಊರೂರು ತಿರುಗಿ ಟಿಕೆಟ್ ಮಾರುವ ದಾರಿ ತೆರೆದೇ ಇತ್ತು, ಅದನ್ನು ಅವರು ಹಿಡಿಯಲಿಲ್ಲ. ಅಷ್ಟು ವರ್ಷಗಳ ಮಾರಾಟ ಮತ್ತು ಖ್ಯಾತಿಯ ನಡುವೆಯೂ ತಂಡಕ್ಕೆ ಎಂದೂ ಸಿಗದಿದ್ದ ಗ್ರ್ಯಾಮಿ ನಾಮನಿರ್ದೇಶನ, ಅತ್ಯುತ್ತಮ ರಾಕ್ ಆಲ್ಬಮ್ ವಿಭಾಗದಲ್ಲಿ, ಈ ಕೊನೆಯದಕ್ಕೆ ಸಿಕ್ಕಿತು. 2020ರ ಜನವರಿಯಲ್ಲಿ ಪ್ರಶಸ್ತಿ ಮಾತ್ರ ಅಮೆರಿಕದ ಕೇಜ್ ದಿ ಎಲಿಫೆಂಟ್ ತಂಡದ ಪಾಲಾಯಿತು.

ತೀರಿಕೊಂಡವರ ದನಿಯಿಂದ ಹಾಡು ಮಾಡುವುದು ಇವರಿಂದ ಆರಂಭವಾದದ್ದಲ್ಲ. ಕ್ವೀನ್ ತಂಡದ ಫ್ರೆಡಿ ಮರ್ಕ್ಯುರಿ ತಾವು ಬದುಕುವುದಿಲ್ಲವೆಂದು ತಿಳಿದೇ, ಕೊನೆಯ ತಿಂಗಳುಗಳಲ್ಲಿ ಸ್ವಿಟ್ಜರ್ಲೆಂಡಿನ ಮೋಂಟ್ರೋ ಪಟ್ಟಣದಲ್ಲಿ ಸಾಧ್ಯವಾದಷ್ಟನ್ನು ಹಾಡಿಟ್ಟು 1991ರ ನವೆಂಬರಿನಲ್ಲಿ ತೀರಿಕೊಂಡರು. ಉಳಿದವರು ಅದನ್ನು 1995ರಲ್ಲಿ ಆಲ್ಬಮ್ ಮಾಡಿ ತಂದರು. ಅಲ್ಲಿ ಸತ್ತವರ ಇಚ್ಛೆ ಏನೆಂದು ಯಾರೂ ಊಹಿಸಬೇಕಾಗಿರಲಿಲ್ಲ. ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಸಂಗತಿ ಇನ್ನೊಂದು ತುದಿಯದು. ಅವರು ಎಪ್ಪತ್ತರ ದಶಕದಲ್ಲಿ ಮನೆಯಲ್ಲಿ ಕ್ಯಾಸೆಟ್ಟಿನ ಮೇಲೆ, ಪಿಯಾನೊ ನುಡಿಸುತ್ತ ಹಾಡಿಕೊಂಡಿದ್ದ ಕರಡುಗಳನ್ನು ಅವರ ಪತ್ನಿ ಯೋಕೊ ಓನೊ 1994ರಲ್ಲಿ ಪಾಲ್ ಮೆಕಾರ್ಟ್ನಿಯವರಿಗೆ ಕೊಟ್ಟರು. ಎರಡು ಹಾಡು ಆಗ ಹೊರಬಂದವು. ‘ನೌ ಆಂಡ್ ದೆನ್’ ಎಂಬ ಮೂರನೆಯದನ್ನು ಕೈಬಿಡಬೇಕಾಯಿತು, ಏಕೆಂದರೆ ದನಿ, ಪಿಯಾನೊ ಮತ್ತು ಗೊರ್ರೆನ್ನುವ ಸದ್ದು ಒಂದೇ ಟೇಪಿನಲ್ಲಿ ಕಲೆತುಹೋಗಿದ್ದವು. ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ರೂಪಿಸಿದ, ಕಲೆತ ಸದ್ದುಗಳನ್ನು ಕಲಿತು ಬೇರ್ಪಡಿಸುವ ತಂತ್ರಾಂಶದಿಂದ ಆ ದನಿ ಬಿಡಿಸಿಕೊಂಡು ಬಂತು, ಹಾಡು 2023ರ ನವೆಂಬರ್ 2ರಂದು ಬಿಡುಗಡೆಯಾಯಿತು. ಕೃತಕ ಬುದ್ಧಿಮತ್ತೆ ಲೆನನ್ನರನ್ನು ಎಬ್ಬಿಸಿ ಹಾಡಿಸಿತು ಎಂದು ಆಗ ಬರೆದವರೆಲ್ಲ ತಪ್ಪು ಬರೆದರು. ಅದು ಹಾಡಿಸಲಿಲ್ಲ, ಅಕ್ಕಿಯಿಂದ ಕಲ್ಲು ಆರಿಸುವ ಕೆಲಸ ಮಾಡಿತು. ಡೊಲೊರೆಸ್ ಅವರ ಡೆಮೊಗಳಲ್ಲಿ ಗಿಟಾರ್ ಮತ್ತು ದನಿ ಮೊದಲಿನಿಂದಲೂ ಬೇರೆ ಬೇರೆಯಾಗಿ ಮುದ್ರಿತವಾಗಿದ್ದುದರಿಂದ ಅಷ್ಟೂ ಬೇಕಾಗಲಿಲ್ಲ.

ಈ ಮೂರು ಪ್ರಸಂಗಗಳಲ್ಲಿ ಒಂದು ಸಮಾನ ಅಂಶವಿದೆ. ಆ ಪದವನ್ನು, ಆ ಸ್ವರದಲ್ಲಿ, ಆ ಉಸಿರಿನಲ್ಲಿ ಹಾಡಬೇಕೆಂಬ ತೀರ್ಮಾನವನ್ನು ಬದುಕಿದ್ದ ಗಾಯಕರೇ ಮಾಡಿದ್ದರು. ಉಳಿದವರು ಮಾಡಿದ್ದು ಮುಂದುವರಿಕೆ. ಇದಕ್ಕೆ ತದ್ವಿರುದ್ಧವಾದದ್ದು 2024ರ ಜನವರಿಯಲ್ಲಿ ತಮಿಳಿನಲ್ಲಿ ನಡೆಯಿತು. ಎ.ಆರ್. ರೆಹಮಾನ್ ಅವರು ‘ಲಾಲ್ ಸಲಾಂ’ ಚಿತ್ರದ ಒಂದು ಹಾಡಿನಲ್ಲಿ, ಆಗಲೇ ತೀರಿಕೊಂಡಿದ್ದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ರೂಪಿಸಿ ಬಳಸಿದರು; ಮನೆಯವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿರುವುದಾಗಿ ತಿಳಿಸಿದರು. ಅದೇ ಸುಮಾರಿಗೆ, ಕನ್ನಡಿಗರು ತಮ್ಮವರೇ ಎಂದುಕೊಂಡಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ತಮ್ಮನ್ನು ಕೇಳದೆ ಹೀಗೆ ಮರುಸೃಷ್ಟಿಸಲಾಗಿದೆ ಎಂದು ಅವರ ಮಗ ಒಂದು ತೆಲುಗು ಚಿತ್ರದವರಿಗೆ ನೋಟಿಸ್ ಕಳಿಸಿದರು. ಒಂದರಲ್ಲಿ ಒಪ್ಪಿಗೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲವೆಂಬುದು ದೂರು. ಕಾನೂನಿನ ಕಣ್ಣಿಗೆ ಇದು ದೊಡ್ಡ ವ್ಯತ್ಯಾಸ, ಇರಬೇಕಾದದ್ದೇ. ಆದರೆ ಎರಡರಲ್ಲೂ ಆ ದನಿಯ ಒಡೆಯರು ಆ ಧ್ವನಿಮುದ್ರಿಕೆಗಾಗಿ ಹಾಡಿರಲಿಲ್ಲ, ಅದು ಹುಟ್ಟಿದ್ದನ್ನೂ ತಿಳಿದಿರಲಿಲ್ಲ. ಮಗನೋ ಹೆಂಡತಿಯೋ ಕೊಡುವ ಒಪ್ಪಿಗೆ ಆಸ್ತಿಗೆ ಸಂಬಂಧಿಸಿದ್ದಾಗಬಹುದು. ‘ಈ ಸಾಲನ್ನು ನಾನು ಹಾಡುತ್ತೇನೆ’ ಎಂಬ ಗಾಯಕನ ಆಯ್ಕೆಯನ್ನು ಅವರು ಹೇಗೆ ಕೊಟ್ಟಾರು?

ನಮ್ಮ ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾವಿದರ ಪ್ರದರ್ಶನಕ್ಕೆ 50 ವರ್ಷಗಳ ಹಕ್ಕು ಕೊಡುತ್ತದೆ. ಆದರೆ ಅದು ನಡೆದ ಪ್ರದರ್ಶನಕ್ಕೆ ಸಿಗುವ ರಕ್ಷಣೆ, ಎಂದೂ ನಡೆಯದ ಪ್ರದರ್ಶನಕ್ಕೆ ಅದನ್ನು ಎಳೆಯುವುದು ಕಷ್ಟ. ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯ ಕೃತಕ ನಕಲುಗಳ ವಿರುದ್ಧ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನಿಂದ ಮಧ್ಯಂತರ ರಕ್ಷಣೆ ಪಡೆದರು, ಆದರೆ ಅವರು ಬದುಕಿರುವವರು, ತಾವೇ ಹೋಗಿ ಕೇಳಿದರು. ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ವ್ಯಕ್ತಿತ್ವ ಮತ್ತು ಖಾಸಗಿತನದ ಇಂಥ ಹಕ್ಕುಗಳು ಆ ವ್ಯಕ್ತಿಯೊಂದಿಗೇ ಮುಗಿಯುತ್ತವೆ, ವಾರಸುದಾರರಿಗೆ ಇಳಿದು ಬರುವುದಿಲ್ಲ ಎಂದಿತ್ತು. ಹೀಗಾಗಿ ದನಿಯ ಮೇಲೆ ಕೈಹಾಕುವವರಿಗೆ ಬದುಕಿರುವ ಗಾಯಕನಿಗಿಂತ ಸತ್ತ ಗಾಯಕ ಸುಲಭದ ತುತ್ತು. ಅಮೆರಿಕದ ಟೆನೆಸ್ಸೀ ರಾಜ್ಯ 2024ರ ಮಾರ್ಚಿನಲ್ಲಿ ಹೆಸರು, ಚಿತ್ರಗಳ ಜೊತೆ ದನಿಯನ್ನೂ ರಕ್ಷಿಸುವ ಕಾಯ್ದೆ ಮಾಡಿತು, ಎಲ್ವಿಸ್ ಪ್ರೆಸ್ಲಿಯ ಹೆಸರನ್ನೇ ಅದಕ್ಕೆ ಇಟ್ಟಿತು. ಅಲ್ಲಿಯೂ ಕೀಲಿಕೈ ವಾರಸುದಾರರ ಕೈಯಲ್ಲೇ ಇದೆ.

ಕನ್ನಡದ ಓದುಗರಿಗೆ ಈ ಇಕ್ಕಟ್ಟು ಪುಸ್ತಕದಲ್ಲಿ ಓದಿದ್ದಲ್ಲ, ಚಿತ್ರಮಂದಿರದಲ್ಲಿ ಅನುಭವಿಸಿದ್ದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ‘ಜೇಮ್ಸ್’ ಚಿತ್ರದ ಅವರ ಭಾಗದ ಡಬ್ಬಿಂಗ್ ಬಾಕಿ ಉಳಿದಿತ್ತು. ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು, 2022ರ ಮಾರ್ಚ್ 17ರಂದು, ಪುನೀತ್ ಹುಟ್ಟಿದ ದಿನ, ಚಿತ್ರ ಬಿಡುಗಡೆಯಾಯಿತು. ಅಪ್ಪುವಿನ ಮುಖ, ಶಿವಣ್ಣನ ದನಿ. ಏಪ್ರಿಲಿನಲ್ಲಿ, ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿ ಕೂರಿಸಿದ ಆವೃತ್ತಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಆ ಮಾತುಗಳು ಪುನೀತ್ ಕ್ಯಾಮೆರಾದ ಮುಂದೆ ತುಟಿಯಾಡಿಸಿ ಆಡಿದ್ದವೇ ಆದ್ದರಿಂದ, ಆ ಎರಡನೆಯ ಆವೃತ್ತಿಯನ್ನು ಚೆನ್ನೈಯ ಹಾಡಿನ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಮಾತಾಡುವ ತೀರ್ಮಾನ ಅವರದೇ ಆಗಿತ್ತು. ಅಭಿಮಾನಿಗಳು ಅದಕ್ಕೆ ಹಂಬಲಿಸಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಹಾಗಿದ್ದರೂ ಎರಡರಲ್ಲಿ ಯಾವುದು ಹೆಚ್ಚು ನಿಜವೆಂದು ಕೇಳಿದರೆ ನಾನು ಮೊದಲನೆಯದನ್ನೇ ತೋರಿಸುತ್ತೇನೆ. ತಮ್ಮನ ತುಟಿಗೆ ಅಣ್ಣ ತನ್ನ ದನಿ ಹೊಂದಿಸಿದಾಗ, ಏನು ಕಳೆದುಹೋಗಿದೆ ಎಂಬುದು ಪ್ರತಿ ಮಾತಿನಲ್ಲೂ ಕೇಳಿಸುತ್ತಿತ್ತು. ಲಂಡನ್ನಿನ ಸ್ಟುಡಿಯೋದಲ್ಲಿ ಜೊಹಾನಾ ಕ್ರ್ಯಾನಿಚ್ ಮಾಡಿದ್ದೂ ಅದೇ ಜಾತಿಯ ಕೆಲಸ.

ನೋಯೆಲ್ ಹೋಗನ್ ಅವರ ಹಾರ್ಡ್ ಡ್ರೈವಿನಲ್ಲಿದ್ದಂಥ ಕಂಠ ಇವತ್ತು ಯಾರ ಬಳಿಯಲ್ಲಿದ್ದರೂ ಅದರಿಂದ ಹನ್ನೊಂದಲ್ಲ, ನೂರಾಹನ್ನೊಂದು ಹಾಡು ತೆಗೆಯಬಹುದು. ಕಂಪನಿಗಳ ಬಳಿ ಹಳೆಯ ಟೇಪುಗಳಿವೆ, ಹಕ್ಕುಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ, ಮನೆಯವರ ಮುಂದಿನ ತಲೆಮಾರಿಗೆ ಆ ಗಾಯಕಿಯ ಮುಖಪರಿಚಯವೂ ಇರಲಾರದು. 2018ರಲ್ಲಿ ಲಿಮರಿಕ್‌ನವರಿಗೆ ‘ಎಲ್ಲಿ ನಿಲ್ಲಿಸಬೇಕು’ ಎಂಬುದನ್ನು ಹೇಳಿಕೊಟ್ಟದ್ದು ಕಾನೂನಲ್ಲ, ತಂತ್ರಜ್ಞಾನದ ಮಿತಿ ಸ್ವಲ್ಪ, ಮೂವತ್ತು ವರ್ಷಗಳ ಒಡನಾಟ ಬಹಳ. ಆ ವರ್ಷದ ಆಗಸ್ಟಿನಲ್ಲಿ ಅವರ ಕೌಂಟಿಯ, ಅಂದರೆ ಜಿಲ್ಲೆಯ, ಹರ್ಲಿಂಗ್ (ಕೋಲು ಮತ್ತು ಚೆಂಡಿನ ಐರಿಶ್ ಆಟ) ತಂಡ 45 ವರ್ಷಗಳ ಬಳಿಕ ಅಖಿಲ ಐರ್ಲೆಂಡ್ ಪಟ್ಟ ಗೆದ್ದಾಗ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಧ್ವನಿವರ್ಧಕಗಳು ಕ್ರ್ಯಾನ್‌ಬೆರೀಸ್ ತಂಡದ ‘ಡ್ರೀಮ್ಸ್’ ಹಾಡನ್ನು ನುಡಿಸಿದವು, ಲಿಮರಿಕ್‌ನ ಜನ ದನಿಗೂಡಿಸಿದರು. ಅದು ಡೊಲೊರೆಸ್ ತೊಂಬತ್ತರ ದಶಕದ ಆರಂಭದಲ್ಲಿ ಹಾಡಿದ ಹಳೆಯ ಧ್ವನಿಮುದ್ರಿಕೆ. ಕೊನೆಯ ಆಲ್ಬಮ್ಮಿನ ಕೆಲಸ ಆ ಹೊತ್ತಿಗೆ ಮುಗಿದಿತ್ತು, ಹೊರಬಂದಿರಲಿಲ್ಲ.